ಸಹಿ ನಂದೇ, ತೀರ್ಮಾನ ನಂದಲ್ಲ

ವರ್ಷಕ್ಕೊಮ್ಮೆ ನಮ್ಮ ಆಫೀಸಿನಲ್ಲಿ ಎಲ್ಲರನ್ನೂ ಒಂದು ಎಸಿ ರೂಮಿನಲ್ಲಿ ಕೂರಿಸಿ ಲೀಡರ್‌ಶಿಪ್ ಟ್ರೇನಿಂಗ್ ಕೊಡ್ತಾರೆ. ಊಟ ಚೆನ್ನಾಗಿರುತ್ತೆ, ಅದಕ್ಕೇ ಯಾರೂ ತಪ್ಪಿಸಲ್ಲ. ಹೋದ ಸಲ ಬಂದ ಟ್ರೇನರ್ ಪಿಪಿಟಿ ಪಕ್ಕಕ್ಕಿಟ್ಟು ಒಂದು ಹಳೇ ಕಪ್ಪು-ಬಿಳುಪು ಸಿನಿಮಾ ಹಾಕಿದರು. 1957ರ ‘ಟ್ವೆಲ್ವ್ ಆಂಗ್ರಿ ಮೆನ್’. ನಿಮ್ಮಲ್ಲೂ ಬಹಳ ಜನ ಇದನ್ನ ಹೀಗೇ, ಯಾವುದೋ ಟ್ರೇನಿಂಗಿನಲ್ಲೇ ನೋಡಿರ್ತೀರಿ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಪ್ಪನನ್ನ ಚಾಕುವಿನಿಂದ ಇರಿದು ಕೊಂದ ಅಂತ ಒಬ್ಬ ಹುಡುಗನ ಮೇಲೆ ಆರೋಪ. ತಪ್ಪಿತಸ್ಥ ಅಂತಾದರೆ ಮರಣದಂಡನೆ. ವಿಚಾರಣೆ ಮುಗಿದಿದೆ, ಈಗ 12 ಜನ ಜ್ಯೂರಿಗಳು ಒಂದು ಕೋಣೆಯಲ್ಲಿ ಕೂತು ಒಮ್ಮತದ ತೀರ್ಮಾನ ಕೊಡಬೇಕು. ಬಿರುಬೇಸಿಗೆ, ಫ್ಯಾನ್ ತಿರುಗ್ತಿಲ್ಲ. ಮೊದಲ ಸುತ್ತಿನಲ್ಲೇ 11 ಜನ ‘ತಪ್ಪಿತಸ್ಥ’ ಅಂತಾರೆ. ಎಂಟನೇ ಜ್ಯೂರಿ ಒಬ್ಬನೇ, ‘ಮಾತಾಡೋಣ’ ಅಂತಾನೆ. ಮುಂದಿನ ಒಂದೂವರೆ ಗಂಟೆ ಆ ಮಾತೇ ಸಿನಿಮಾ. ನಿರ್ದೇಶಕ ಸಿಡ್ನಿ ಲ್ಯೂಮೆಟ್, ಬರೆದವನು ರೆಜಿನಾಲ್ಡ್ ರೋಸ್.

ಸಿನಿಮಾ ಮುಗಿದ ಮೇಲೆ ಟ್ರೇನರ್ ಕೇಳಿದ್ದು ಒಂದೇ ಪ್ರಶ್ನೆ. “ಎಂಟನೇ ಜ್ಯೂರಿ ಉಳಿದ 11 ಜನರನ್ನು ಹೇಗೆ ಕನ್ವಿನ್ಸ್ ಮಾಡಿದ?” ನಾವೆಲ್ಲ ಸ್ಟಿಕಿ ನೋಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ತಾಳ್ಮೆ, ಡೇಟಾ, ಎಂಪತಿ. ಚಪ್ಪಾಳೆ. ಊಟ.

ನನಗೆ ಆವತ್ತಿನಿಂದ ಒಂದು ಕಿರಿಕಿರಿ. ಆ ಸಿನಿಮಾವನ್ನು ನಾವು ತಪ್ಪಾಗಿ ನೋಡ್ತಿದ್ದೀವಿ. ಅದನ್ನ ಒಬ್ಬ ಹೀರೋನ ಕಥೆ ಅಂತ ನೋಡಿದರೆ ಅದು ಅಷ್ಟೇನೂ ದೊಡ್ಡ ಸಿನಿಮಾ ಅಲ್ಲ. ಹೀರೋ ಮಾಡುವ ಒಂದು ಮುಖ್ಯ ಕೆಲಸವಂತೂ ತಪ್ಪೇ. ಕೊಲೆಗೆ ಬಳಸಿದಂಥದ್ದೇ ಚಾಕುವನ್ನು ತಾನೇ ಹೋಗಿ ಕೊಂಡು ತಂದು ಮೇಜಿಗೆ ಚುಚ್ಚುತ್ತಾನೆ. ನಮಗೆ ಸಿಳ್ಳೆ ಹೊಡೆಯೋ ಹಾಗನ್ನಿಸುತ್ತೆ. ಆದರೆ ಕೋರ್ಟಿನಲ್ಲಿ ಎಲ್ಲರೆದುರು ಬಂದ ಸಾಕ್ಷ್ಯದ ಮೇಲಷ್ಟೇ ಜ್ಯೂರಿ ತೀರ್ಮಾನಿಸಬೇಕು, ಸ್ವಂತ ತನಿಖೆ ಮಾಡೋ ಹಾಗಿಲ್ಲ. ನಿಜವಾದ ಕೋರ್ಟಿನಲ್ಲಿ ಇದು ಗೊತ್ತಾಗಿದ್ದರೆ ಇಡೀ ವಿಚಾರಣೆಯೇ ರದ್ದಾಗುವ ಸಂಭವ ಇತ್ತು.

ನನ್ನ ಪ್ರಕಾರ ಸಿನಿಮಾದ ನಿಜವಾದ ಸೀನು ಬೇರೆ. ಏಳನೇ ಜ್ಯೂರಿ ಅಂತ ಒಬ್ಬ ಇದ್ದಾನೆ. ಅವನ ಜೇಬಲ್ಲಿ ಬೇಸ್‌ಬಾಲ್ ಮ್ಯಾಚಿನ ಟಿಕೆಟ್, ಬೇಗ ಮುಗಿದರೆ ಸಾಕು. ಬಹುಮತ ಆ ಕಡೆ ವಾಲುತ್ತಿದ್ದ ಹಾಗೆ ಅವನೂ ‘ತಪ್ಪಿತಸ್ಥ ಅಲ್ಲ’ ಅಂತ ವೋಟು ಬದಲಿಸ್ತಾನೆ. ಅಂದರೆ ಹೀರೋನ ಪಕ್ಷಕ್ಕೇ ಬಂದ, ಖುಷಿಯಾಗಬೇಕು. ಆದರೆ ಹನ್ನೊಂದನೇ ಜ್ಯೂರಿ, ಹೊರದೇಶದಿಂದ ಬಂದು ನೆಲೆಸಿದ ಗಡಿಯಾರ ರಿಪೇರಿಯವನು, ಇವನೂ ಅದೇ ಪಕ್ಷದವನೇ, ಸಿಟ್ಟಿಗೇಳ್ತಾನೆ. ಯಾಕೆ ಬದಲಿಸಿದೆ, ಕಾರಣ ಹೇಳು ಅಂತ ಪಟ್ಟು ಹಿಡೀತಾನೆ. ತನಗೆ ಬೇಕಾದ ವೋಟೇ ಬಂದರೂ ಕಾರಣ ಇಲ್ಲದ ವೋಟು ಅವನಿಗೆ ಬೇಡ. ಇದೇ ಮನುಷ್ಯ ಅದಕ್ಕೂ ಮುಂಚೆ ಹೇಳಿರ್ತಾನೆ: ನಮಗೆ ಗುರುತೂ ಇಲ್ಲದ ಒಬ್ಬನ ವಿಷಯ ತೀರ್ಮಾನಿಸೋಕೆ ಪತ್ರ ಬರೆದು ನಮ್ಮನ್ನ ಕರೆಸಿದ್ದಾರೆ, ನಮಗೆ ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ, ಈ ದೇಶದ ಶಕ್ತಿ ಇರೋದೇ ಇಲ್ಲಿ ಅಂತ. ನಮ್ಮ ಸ್ಟಿಕಿ ನೋಟುಗಳಲ್ಲಿ ಈ ಗಡಿಯಾರದವನ ಹೆಸರು ಒಂದರಲ್ಲೂ ಇರಲಿಲ್ಲ.

ಕೊನೆಯಲ್ಲಿ ಎಲ್ಲರೂ ಕೋರ್ಟಿನ ಮೆಟ್ಟಿಲಿಳಿದು ಮಳೆ ನಿಂತ ರಸ್ತೆಗೆ ಹೋಗ್ತಾರೆ. ಆಗಷ್ಟೇ ಇಬ್ಬರು ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ತಾರೆ. ಸಿನಿಮಾ ಅಲ್ಲಿಗೆ ಮುಗಿಯುತ್ತೆ. ನನ್ನ ಪ್ರಶ್ನೆ ಅಲ್ಲಿಂದ ಶುರು. ಹುಡುಗನಿಗೇನೋ ಬಿಡುಗಡೆ ಆಯ್ತು. ಆ 12 ಜನಕ್ಕೆ ಏನಾಯ್ತು? ಮರುದಿನ ಕೆಲಸಕ್ಕೆ ಹೋದ ಆ ಮನುಷ್ಯರು ಹಿಂದಿನ ದಿನದವರೇ ಆಗಿದ್ದರಾ?

ಈ ಪ್ರಶ್ನೆ ಹೊಸದಲ್ಲ. 1830ರ ದಶಕದಲ್ಲಿ ಅಮೆರಿಕ ಸುತ್ತಿ ಬಂದ ಫ್ರೆಂಚ್ ಲೇಖಕ ಟಾಕ್‌ವಿಲ್ ಒಂದು ಮಜಾ ಮಾತು ಹೇಳಿದ್ದಾನೆ. ಜ್ಯೂರಿಯಿಂದ ಕಕ್ಷಿದಾರರಿಗೆ ಉಪಯೋಗವೋ ಇಲ್ಲವೋ ತನಗೆ ಗೊತ್ತಿಲ್ಲ, ಆದರೆ ತೀರ್ಪು ಕೊಡಲು ಕೂತವರಿಗಂತೂ ಬಹಳ ಉಪಯೋಗ ಅನ್ನೋದು ಅದರ ಸಾರ. ಅವನ ಕಣ್ಣಲ್ಲಿ ಜ್ಯೂರಿ ಅಂದರೆ ಫೀಸಿಲ್ಲದ, ಸದಾ ತೆರೆದಿರುವ ಒಂದು ಸಾಲಿ. ಸುಮಾರು 170 ವರ್ಷದ ನಂತರ ಜಾನ್ ಗ್ಯಾಸ್ಟಿಲ್ ಮತ್ತು ಅವನ ಜೊತೆಗಾರರು ಇದನ್ನ ನಿಜವಾಗ್ಲೂ ಲೆಕ್ಕ ಹಾಕಿ ನೋಡಿದರು. ಕೋರ್ಟಿನ ಜ್ಯೂರಿ ದಾಖಲೆಗಳನ್ನೂ ಮತದಾನದ ದಾಖಲೆಗಳನ್ನೂ ಜೋಡಿಸಿದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಎರಡು ಟೇಬಲ್ ಜಾಯಿನ್ ಮಾಡಿದರು. 2010ರಲ್ಲಿ ‘ದಿ ಜ್ಯೂರಿ ಅಂಡ್ ಡೆಮಾಕ್ರಸಿ’ ಅಂತ ಪುಸ್ತಕ ಬಂತು.

ಅದರಲ್ಲಿ ಕಂಡದ್ದು ಇಷ್ಟು. ಮೊದಲು ಅಪರೂಪಕ್ಕೆ ವೋಟು ಹಾಕ್ತಿದ್ದವರು ಕ್ರಿಮಿನಲ್ ಕೇಸಿನಲ್ಲಿ ಜ್ಯೂರಿಯಾಗಿ ಕೂತು ಕೊನೇತನಕ ಚರ್ಚಿಸಿದ್ದರೆ, ಆಮೇಲಿನ ಚುನಾವಣೆಗಳಲ್ಲಿ ಹೆಚ್ಚು ವೋಟು ಹಾಕತೊಡಗಿದರು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ವಿವರ. ಜ್ಯೂರಿಗಳಲ್ಲಿ ಒಮ್ಮತ ಬಾರದೆ ಕೇಸು ಅತಂತ್ರ ಆದರೂ ಪರಿಣಾಮ ಅದೇ. ಆದರೆ ಜ್ಯೂರಿಗೆ ಆಯ್ಕೆಯಾಗಿಯೂ ಆರೋಪಿ ಮಧ್ಯದಲ್ಲೇ ತಪ್ಪೊಪ್ಪಿಕೊಂಡು, ಚರ್ಚೆಯೇ ನಡೆಯದೆ ಮನೆಗೆ ಹೋದವರಲ್ಲಿ ಆ ಬದಲಾವಣೆ ಇಲ್ಲ. ಅಂದರೆ ಕೋರ್ಟು ನೋಡಿದ್ದರಿಂದ ಯಾರೂ ನಾಗರಿಕರಾಗಲಿಲ್ಲ. ಸುಮ್ಮನೆ ಹಾಜರಿ ಹಾಕಿದ್ದರಿಂದಲೂ ಆಗಲಿಲ್ಲ. ಗುರುತಿಲ್ಲದವರ ಜೊತೆ ಕೂತು, ಕಾರಣ ಹೇಳಿ, ಕಾರಣ ಕೇಳಿ, ಒಂದು ಭಾರ ಹೊತ್ತಿದ್ದರಿಂದ ಆದರು.

ಈಗ ನಮ್ಮ ಕಡೆಗೆ ಬರೋಣ.

ಈ ಸಿನಿಮಾವನ್ನು ಬಾಸು ಚಟರ್ಜಿ 1986ರಲ್ಲಿ ಹಿಂದಿಯಲ್ಲಿ ‘ಏಕ್ ರುಕಾ ಹುವಾ ಫೈಸಲಾ’ ಅಂತ ಮಾಡಿದರು. ಪಂಕಜ್ ಕಪೂರ್ ಅವರ ಸಿಟ್ಟನ್ನು ನೋಡಿದವರು ಮರೆಯಲ್ಲ. 2012ರಲ್ಲಿ ರವಿ ಶ್ರೀವತ್ಸ ಇದೇ ಎಳೆ ಹಿಡಿದು ಕನ್ನಡದಲ್ಲಿ ‘ದಶಮುಖ’ ಮಾಡಿದರು. ಎರಡರಲ್ಲೂ ಒಂದು ವಿಚಿತ್ರ ಇದೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದದ್ದು 1974ರ ಏಪ್ರಿಲ್ 1ಕ್ಕೆ. ಅದರಲ್ಲಿ ಜ್ಯೂರಿಗೆ ಜಾಗವೇ ಇಲ್ಲ. ಅಂದರೆ ಈ ಸಿನಿಮಾಗಳ ಪಾತ್ರಗಳು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲದ ಒಂದು ಕೆಲಸ ಮಾಡ್ತಿವೆ. ನಮಗದು ಅನ್ಯಗ್ರಹದ ಕಥೆ. ಹಾಗಾಗಿ ನಟನೆ ನೋಡಿ ಮೆಚ್ಚಿಕೊಂಡೆವೇ ಹೊರತು, ಆ ಕುರ್ಚಿಯಲ್ಲಿ ನಾನಿದ್ದರೆ ಅಂತ ಯಾರೂ ಬೆವರಲಿಲ್ಲ.

ಜ್ಯೂರಿ ಯಾಕೆ ಹೋಯ್ತು ಅಂತ ಕೇಳಿ, ಕ್ವಿಜ್ ಆಡೋ ಯಾರಾದರೂ ‘ನಾನಾವತಿ ಕೇಸ್’ ಅಂತಾರೆ. 2016ರ ‘ರುಸ್ತುಂ’ ನೋಡಿದವರಂತೂ ಖಂಡಿತ ಅಂತಾರೆ. 1959ರ ಏಪ್ರಿಲಿನಲ್ಲಿ ನೌಕಾಪಡೆ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರೇಮಿಯನ್ನು ಗುಂಡಿಟ್ಟು ಕೊಂದ. ಮುಂಬೈಯ 9 ಜನರ ಜ್ಯೂರಿಯಲ್ಲಿ 8 ಜನ ‘ತಪ್ಪಿತಸ್ಥ ಅಲ್ಲ’ ಅಂದರು. ಸೆಷನ್ಸ್ ಜಡ್ಜ್ ಅದನ್ನ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು, 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸಿನಿಮಾ ಜ್ಯೂರಿಯ ಖುಲಾಸೆಗೇ ಚಪ್ಪಾಳೆ ತಟ್ಟಿಸಿ ನಮ್ಮನ್ನ ಮನೆಗೆ ಕಳಿಸುತ್ತೆ. ಆದರೆ ಜ್ಯೂರಿ ಬೇಡ ಅಂತ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಬರೆದಿದ್ದು 1958ರಲ್ಲಿ, ಗುಂಡು ಹಾರೋಕೆ ಮುಂಚೆಯೇ. ಬ್ರಿಟಿಷರ ಕಾಲದಲ್ಲೂ ಜ್ಯೂರಿ ಇದ್ದದ್ದು ಮುಂಬೈ, ಕಲ್ಕತ್ತೆಯಂಥ ನಗರಗಳಲ್ಲಿ ಮತ್ತು ಸರ್ಕಾರ ಆರಿಸಿದ ಕೆಲವು ಜಿಲ್ಲೆಗಳಲ್ಲಿ ಮಾತ್ರ. ಉಳಿದ ಕಡೆ ಜಡ್ಜಿನ ಪಕ್ಕ ‘ಅಸೆಸರ್’ ಅಂತ ಕೂರಿಸ್ತಿದ್ದರು. ಅವರ ಅಭಿಪ್ರಾಯ ಕೇಳಬೇಕು, ಒಪ್ಪಬೇಕಂತಿಲ್ಲ. 1955ರ ತಿದ್ದುಪಡಿಯಲ್ಲಿ ಅವರೂ ಹೋದರು. ಇವತ್ತು ದೇಶದಲ್ಲಿ ಜ್ಯೂರಿಯನ್ನು ಹೋಲುವ ಒಂದೇ ಒಂದು ಕುರುಹು ನನಗೆ ಗೊತ್ತಿರೋದು. ಪಾರ್ಸಿ ವಿವಾಹ ನ್ಯಾಯಾಲಯದಲ್ಲಿ ಜಡ್ಜಿಗೆ ನೆರವಾಗಲು ಆ ಸಮುದಾಯದ 5 ಜನ ಪ್ರತಿನಿಧಿಗಳು ಕೂರುತ್ತಾರೆ.

ಹಾಗಾದ್ರೆ ಉಳಿದ ನಮ್ಮಂಥವರಿಗೆ ನ್ಯಾಯ ವ್ಯವಸ್ಥೆ ಕೊಟ್ಟ ಪಾತ್ರ ಯಾವುದು? ಒಂದಿದೆ. ಬೆಂಗಳೂರಿನಲ್ಲಿ ಮಹಜರು ಸಾಕ್ಷಿ ಅಂತಾರೆ, ನಮ್ಮ ಬಾಗಲಕೋಟೆ ಕಡೆ ಪಂಚ ಅಂತಾರೆ. ಪೊಲೀಸರು ಒಂದು ಜಾಗ ಶೋಧಿಸುವಾಗ ಆ ಪ್ರದೇಶದ ಇಬ್ಬರಾದರೂ ಸ್ವತಂತ್ರ, ಗೌರವಸ್ಥ ನಿವಾಸಿಗಳು ಜೊತೆಗಿರಬೇಕು ಅಂತ ಹಳೇ ಸಂಹಿತೆಯ 100ನೇ ಸೆಕ್ಷನ್ ಹೇಳ್ತಿತ್ತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯೂ ಅದನ್ನ ಉಳಿಸಿಕೊಂಡಿದೆ. ಆ ‘ಗೌರವಸ್ಥ ನಿವಾಸಿ’ ನಾನೂ ಒಮ್ಮೆ ಆಗಿದ್ದೆ.

ಸುಮಾರು ಎಂಟು ವರ್ಷದ ಹಿಂದೆ. ನಾನಿದ್ದ ರೂಮಿನ ಹತ್ತಿರದ ತಿರುವಿನಲ್ಲಿ ರಾತ್ರಿ ಲಾರಿ, ಬೈಕ್ ಆಕ್ಸಿಡೆಂಟ್ ಆಗಿ ಬೈಕಿನವನು ತೀರಿಕೊಂಡಿದ್ದ. ಬೆಳಗ್ಗೆ ನಾನು ಅಲ್ಲೇ ಟೀ ಕುಡೀತಿದ್ದೆ. ಪೊಲೀಸ್ ಒಬ್ಬರು ಬಂದು, “ಸರ್, ಐದು ನಿಮಿಷ” ಅಂದರು. ಟೇಪು ಹಿಡಿದು ಏನೋ ಅಳೆದರು. ನಾನು ಫೋನ್ ನೋಡ್ತಿದ್ದೆ, ಒಂಬತ್ತೂವರೆಗೆ ಸ್ಟ್ಯಾಂಡಪ್ ಕಾಲ್ ಇತ್ತು. ಎರಡು ಹಾಳೆ ಮುಂದೆ ಹಿಡಿದರು. ಸಹಿ ಹಾಕಿದೆ. ಎರಡನೇ ಹಾಳೆಯಲ್ಲಿ ಬರವಣಿಗೆ ಅರ್ಧಕ್ಕೇ ನಿಂತಿತ್ತು ಅನ್ನೋದು ನೆನಪಿದೆ. ಓದಲಿಲ್ಲ. ಯಾರೂ ಓದಬೇಡ ಅನ್ನಲಿಲ್ಲ, ನಾನೇ ಓದಲಿಲ್ಲ.

ಮೂರೂವರೆ ವರ್ಷದ ಮೇಲೆ ಸಮನ್ಸ್ ಬಂತು. ಕಟಕಟೆಯಲ್ಲಿ ನಿಂತೆ. ಬ್ರೇಕಿನ ಗುರುತು ಎಷ್ಟು ಅಡಿ ಇತ್ತು ಅಂತ ವಕೀಲರು ಕೇಳಿದರು. ನೆನಪಿಲ್ಲ ಅಂದೆ. ಲಾರಿಯ ಮುಖ ಯಾವ ಕಡೆಗಿತ್ತು? ನೆನಪಿಲ್ಲ. ಅಳತೆ ಮಾಡುವಾಗ ನೀವು ನೋಡಿದಿರಾ? ಅಲ್ಲೇ ಇದ್ದೆ. ಇದ್ದಿರೋ, ನೋಡಿದಿರೋ? ಸುಮ್ಮನಿದ್ದೆ. “ಈ ಸಹಿ ಯಾರದು?” “ನಂದೇ.”

ಗೋಡೆಯ ಪಕ್ಕ ಲಾರಿ ಡ್ರೈವರ್ ನಿಂತಿದ್ದ. ನನಗಿಂತ ಚಿಕ್ಕವನು. ಅವನು ತಪ್ಪು ಮಾಡಿದ್ದನೋ, ಬೈಕಿನವನೇ ಅಡ್ಡ ಬಂದಿದ್ದನೋ, ಅದನ್ನ ಹೇಳೋಕೆ ಉಳಿದಿದ್ದ ಕೆಲವೇ ಕೆಲವು ಕುರುಹುಗಳಲ್ಲಿ ಆ ರಸ್ತೆಯ ಗುರುತು ಒಂದು. ಅದಕ್ಕೆ ಸಾಕ್ಷಿ ಅಂತ ಇದ್ದವನು ನಾನು. ಸತ್ತವನ ಕಡೆಯವರು ಯಾರಾದರೂ ಅವತ್ತು ಅಲ್ಲಿದ್ದರೋ ಏನೋ, ತಿರುಗಿ ನೋಡೋ ಧೈರ್ಯ ಆಗಲಿಲ್ಲ. ಕೇಸು ಏನಾಯ್ತು ಅಂತ ನಾನು ಕೇಳಲೂ ಇಲ್ಲ. ಹೊರಗೆ ಬಂದು ಲಾಗಿನ್ ಆದೆ.

ಜ್ಯೂರಿಗೂ ಪಂಚನಿಗೂ ವ್ಯತ್ಯಾಸ ಇಲ್ಲೇ ಇದೆ. ಇಬ್ಬರೂ ಸಾಮಾನ್ಯ ಜನ, ಇಬ್ಬರನ್ನೂ ಕರೆಸಿದ್ದು ಸರ್ಕಾರವೇ. ಒಬ್ಬನಿಗೆ ತೀರ್ಮಾನ ಕೊಟ್ಟು, ಕಾರಣ ಕೇಳುವ 11 ಜನರನ್ನು ಎದುರು ಕೂರಿಸಿದರು. ಇನ್ನೊಬ್ಬನಿಂದ ಸಹಿ ಮಾತ್ರ ತೆಗೆದುಕೊಂಡರು. ಹೊಸ ಸಂಹಿತೆಯ ಪ್ರಕಾರ ಈಗ ಶೋಧವನ್ನು ವಿಡಿಯೋ ಮಾಡಬೇಕು. ಒಳ್ಳೇದೇ, ಕ್ಯಾಮೆರಾ ನನ್ನ ಹಾಗೆ ಫೋನ್ ನೋಡ್ತಾ ನಿಲ್ಲಲ್ಲ. ಆದರೆ ಕ್ಯಾಮೆರಾ ನಾಗರಿಕ ಆಗೋದಿಲ್ಲ.

ನಮ್ಮೂರು ಶಿರೂರಿನಲ್ಲಿ ನಾನು ಸಣ್ಣವನಿದ್ದಾಗ ಅಣ್ಣ-ತಮ್ಮಂದಿರಿಬ್ಬರ ನಡುವೆ ಹೊಲದ ಬದುವಿನ ಜಗಳ ಬಂತು. ಐದು ಜನ ಹಿರಿಯರು ಕೂತು ಬಗೆಹರಿಸಬೇಕಂತ ಆಯ್ತು, ಅದರಲ್ಲಿ ನಮ್ಮಪ್ಪ ಒಬ್ಬ. ಅಪ್ಪ ಅಲ್ಲಿತನಕ ಊರ ಉಸಾಬರಿಗೆ ಹೋದವನಲ್ಲ. ಮೂರು ರಾತ್ರಿ ಕೂತರು, ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಬದು ಎರಡು ಮೊಳ ಸರಿಸಬೇಕು ಅಂತ ಕೊನೆಗೆ ತೀರ್ಮಾನವಾಯ್ತು. ಆಮೇಲೆ ಆ ಹಾದಿಯಲ್ಲಿ ಹೋದಾಗೆಲ್ಲ ಅಪ್ಪ ಒಂದು ಗಳಿಗೆ ನಿಂತು ಆ ಹೊಲ ನೋಡೋನು. “ಏನ್ ನೋಡ್ತಿ?” ಅಂದರೆ, “ಬದು ಸರಿ ಐತಿಲ್ಲೋ ನೋಡಾಕತ್ತೀನಿ. ನಾ ಹೇಳಿದ್ದು ತಪ್ಪಾಗಿದ್ರ ಅದು ನನಗ ಹತ್ತತೈತಿ” ಅನ್ನೋನು. ಊರಿನ ಕೆರೆ, ಸಾಲಿ, ರೇಷನ್ ಅಂಗಡಿ, ಎಲ್ಲದರ ಬಗ್ಗೆ ಅಪ್ಪ ಬಾಯಿ ಬಿಡತೊಡಗಿದ್ದು ಆ ಮೂರು ರಾತ್ರಿಗಳ ಮೇಲೆ. ಗ್ಯಾಸ್ಟಿಲ್ ಪುಸ್ತಕ ಓದುವಾಗ ನನಗೆ ನೆನಪಾದದ್ದು ಆ ಬದು.

ಇಲ್ಲಿಗೆ ನಿಲ್ಲಿಸಿದರೆ ಇದು ‘ನಮ್ಮ ಹಳ್ಳಿ ಎಷ್ಟು ಚಂದ’ ಅನ್ನೋ ವಾಟ್ಸಾಪ್ ಫಾರ್ವರ್ಡ್ ಆಗುತ್ತೆ. ಆ ಐದು ಜನರಲ್ಲಿ ಹೆಂಗಸರು ಇರಲಿಲ್ಲ. ಕೇರಿಯಿಂದ ಯಾರೂ ಇರಲಿಲ್ಲ. ಜಗಳ ಕೇರಿಯವರಿಗೂ ಊರವರಿಗೂ ಆಗಿದ್ದರೆ ಅದೇ ಐದು ಜನ ಅಷ್ಟೇ ನಿದ್ದೆಗೆಡುತ್ತಿದ್ದರಾ ಅನ್ನೋದನ್ನ ನಾನು ಅಪ್ಪನನ್ನ ಕೇಳಿಲ್ಲ. ಉತ್ತರ ಗೊತ್ತಿರೋದರಿಂದ ಕೇಳಿಲ್ಲ.

ಜ್ಯೂರಿಯ ಮೇಲಿನ ದೊಡ್ಡ ಆಕ್ಷೇಪವೂ ಇದೇ. ಆ ಸಿನಿಮಾ ಬರೋಕೆ ಎರಡು ವರ್ಷ ಮುಂಚೆ, 1955ರಲ್ಲಿ, ಮಿಸ್ಸಿಸ್ಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನೋ 14 ವರ್ಷದ ಕಪ್ಪು ಹುಡುಗನನ್ನು ಕೊಂದವರನ್ನು 12 ಬಿಳಿ ಗಂಡಸರ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಖುಲಾಸೆ ಮಾಡಿತು. ಕೆಲವೇ ತಿಂಗಳಲ್ಲಿ ಕೊಂದವರೇ ಒಂದು ಪತ್ರಿಕೆಗೆ ತಾವೇ ಕೊಂದದ್ದು ಅಂತ ಹೇಳಿಕೊಂಡರು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ 2024ರ ಅಕ್ಟೋಬರಿನಲ್ಲಿ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಅದು ಮೇಲ್ಮನವಿಗೆ ಹೋಯ್ತು. ಅದೇ ತಾಲ್ಲೂಕಿನ 12 ಜನರನ್ನು ಕೂರಿಸಿದ್ದರೆ ಆ ತೀರ್ಪು ಬರುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಹಾಗಾಗಿ ಜ್ಯೂರಿ ವಾಪಸ್ ತನ್ನಿ ಅಂತ ನಾನು ಹೇಳ್ತಿಲ್ಲ.

ಆದರೆ ಜ್ಯೂರಿಯೊಳಗಿನ ಎರಡು ಸಂಗತಿಗಳನ್ನು ನಾವು ಕಳಕೊಂಡಿದ್ದೀವಿ. ಒಂದು ಲಾಟರಿ. ಅಪ್ಪನ ಪಂಚಾಯ್ತಿ ಕೆಟ್ಟದ್ದು ಜನ ಸಾಮಾನ್ಯರು ಅಂತಲ್ಲ, ಅವರನ್ನು ಆರಿಸಿದ್ದು ಅವರವರೇ ಅಂತ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿದ್ದರೆ ಕೇರಿಯವರ ಹೆಸರೂ, ನಮ್ಮವ್ವನ ಹೆಸರೂ ಬರಲೇಬೇಕಿತ್ತು. ಎರಡನೇದು ಕಡ್ಡಾಯ. ನಮ್ಮ ಕಡೆಯವರು ಇಂಥ ಮಾತು ಬಂದ ಕೂಡಲೇ, ಕೂಡಲಸಂಗಮ ಇಲ್ಲೇ ಐತಲ್ಲ, ಅನುಭವ ಮಂಟಪ ನಮ್ಮದೇ ಅಂತಾರೆ. ಹೆಮ್ಮೆ ನನಗೂ ಇದೆ. ಆದರೆ ಮಂಟಪಕ್ಕೆ ಬಂದವರು ಮನಸ್ಸಿದ್ದು ಬಂದವರು. ಮನಸ್ಸಿಲ್ಲದವನ ಮನೆಗೆ ಪತ್ರ ಹೋಗಬೇಕು. ಜಪಾನಿನಲ್ಲಿ 2009ರ ಮೇನಿಂದ ಹಾಗೇ ಮಾಡ್ತಿದ್ದಾರೆ. ಘೋರ ಅಪರಾಧಗಳ ವಿಚಾರಣೆಯಲ್ಲಿ 3 ಜಡ್ಜುಗಳ ಜೊತೆ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ತಂದ 6 ಜನ ಕೂರುತ್ತಾರೆ. ಹೋಗೋಕೆ ಮುಂಚೆ ಬಹಳ ಜನಕ್ಕೆ ಇಷ್ಟ ಇರಲ್ಲ. ಮುಗಿಸಿ ಬಂದವರಲ್ಲಿ ಬಹುಪಾಲು ಜನ ಒಳ್ಳೆಯ ಅನುಭವ ಅಂತ ಹೇಳ್ತಾರೆ.

ನಮ್ಮಲ್ಲಿ ಕಾಗದದ ಮೇಲೆ ಇದರ ಹತ್ತಿರಕ್ಕೆ ಬರೋದು ಗ್ರಾಮಸಭೆ. ಮನೆ ಯಾರಿಗೆ ಮಂಜೂರಾಗಬೇಕು ಅಂತ ಫಲಾನುಭವಿಗಳನ್ನು ಆರಿಸುವುದು ಅಲ್ಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಲೆಕ್ಕ ತನಿಖೆಯ ಅಧಿಕಾರವನ್ನೂ ಗ್ರಾಮಸಭೆಗೇ ಕೊಟ್ಟಿತ್ತು. ಸಂಬಂಧಿಕರ ಊರೊಂದರಲ್ಲಿ ಅಂಥದ್ದೊಂದು ಸಭೆ ನೋಡಿದ್ದೀನಿ. ಸಭೆ ಇಪ್ಪತ್ತು ನಿಮಿಷ, ಹಾಜರಿ ಪುಸ್ತಕ ಮನೆಮನೆಗೆ ಹೋಗಿದ್ದು ಎರಡು ದಿನ. ಅಲ್ಲೂ ಬೇಕಾದದ್ದು ಸಹಿ ಮಾತ್ರ.

ನಗರದವರು ನಗಬೇಡಿ. ಬೆಂಗಳೂರು ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಮ್ಮಲ್ಲಿ ಎಷ್ಟು ಜನಕ್ಕೆ ಅದು ತಟ್ಟಿತು? 2024ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯ ಮತದಾನ ಶೇ. 70 ದಾಟಿತ್ತು, ಬೆಂಗಳೂರು ದಕ್ಷಿಣದ್ದು ಶೇ. 53ರ ಆಸುಪಾಸು. ಪ್ರತಿ ಸಲ ಇದಕ್ಕೆ ನಾವು ‘ಅವೇರ್‌ನೆಸ್’ ಇಲ್ಲ ಅಂತೀವಿ, ಸೆಲೆಬ್ರಿಟಿಗಳ ಕೈಯಲ್ಲಿ ವಿಡಿಯೋ ಮಾಡಿಸ್ತೀವಿ. ಮಾಹಿತಿ ನಮಗೆ ಬೇಕಾದಷ್ಟಿದೆ. ಯಾವ ಕೊಲೆ ಕೇಸಿನಲ್ಲಿ ಯಾರು ಅಪರಾಧಿ ಅಂತ ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ತೀರ್ಪು ಕೊಡುವಷ್ಟಿದೆ. ನಾವೂ ಒಂಥರಾ ಜ್ಯೂರಿಗಳೇ. ಆದರೆ ಕಾರಣ ಕೇಳುವ ಗಡಿಯಾರದವನು ನಮ್ಮ ಗ್ರೂಪಿನಲ್ಲಿಲ್ಲ, ಇದ್ದರೆ ರಿಮೂವ್ ಮಾಡ್ತೀವಿ. ನಮ್ಮ ತೀರ್ಪು ತಪ್ಪಾದರೆ ಯಾರಿಗೂ ಏನೂ ಹತ್ತಲ್ಲ.

ಅದಕ್ಕೇ ಆ ಟ್ರೇನರ್ ಮತ್ತೆ ಬಂದರೆ ಕೇಳಬೇಕು ಅಂತಿದ್ದೀನಿ. ಹೀರೋ ಹೇಗೆ ಗೆದ್ದ ಅನ್ನೋದನ್ನ ಬಿಡಿ. ಸ್ವಂತ ಲಾಭ-ನಷ್ಟ ಇಲ್ಲದ ವಿಷಯದಲ್ಲಿ, ಗುರುತಿಲ್ಲದವರ ಜೊತೆ ಕೂತು, ಇನ್ನೊಬ್ಬರ ಬದುಕಿನ ಬಗ್ಗೆ ತೀರ್ಮಾನ ತಗೊಂಡು, ಅದಕ್ಕೆ ಕಾರಣ ಕೊಟ್ಟ ಒಂದು ದಿನ ನಿಮ್ಮ ಜೀವನದಲ್ಲಿ ಇದೆಯಾ ಅಂತ ಈ ರೂಮಿನಲ್ಲಿರೋರನ್ನ ಕೇಳಿ. ಮೂವತ್ತು ದಾಟಿದ, ಒಳ್ಳೇ ಸಂಬಳದ, ಓದಿಕೊಂಡ ನಾವು ಸ್ಟಿಕಿ ನೋಟಿನ ಮೇಲೆ ಏನು ಬರೀತೀವಿ ನೋಡೋಣ.

ಅಪ್ಪನಿಗೆ ಈಗ ಮೊಣಕಾಲು ನೋವು, ಹೊಲದ ಕಡೆ ಹೋಗೋದು ಕಡಿಮೆ. ಹೋದ ದೀಪಾವಳಿಗೆ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಆ ಬದು ಬಂದಾಗ ನನ್ನ ಹೆಗಲು ತಟ್ಟಿ ನಿಲ್ಲಿಸು ಅಂದ. ನೋಡಿದ. ಹೋಗು ಅಂದ.

ಬೆಂಗಳೂರಿನ ಆ ತಿರುವು ನಾನು ಆಫೀಸಿಗೆ ಹೋಗೋ ದಾರಿಯಲ್ಲೇ ಇದೆ. ದಿನಾ ದಾಟ್ತೀನಿ. ಆ ಕಡೆ ನೋಡಲ್ಲ.